ಅರವತ್ತೇಳನೆಯ ಕಳೆ

ನಗರಸಭೆಯ ಕಳೆ ನಿರ್ಮೂಲನ ವಿಭಾಗ ಎಂದರೆ ಒಂದು ಮೇಜು, ಎರಡು ಕುರ್ಚಿ, ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದ, ಕಳೆ ಕೀಳುವ ಮೂರು ಕುರ್ಪಿ ಮತ್ತು ಕಳೆಯಣ್ಣ. ಎರಡನೇ ಕುರ್ಚಿ ಯಾರಿಗೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮೂವತ್ತೊಂದು ವರ್ಷದಿಂದ ಆ ವಿಭಾಗಕ್ಕೆ ಅವನೇ ಇನ್ಸ್‌ಪೆಕ್ಟರು, ಅವನೇ ಗುಮಾಸ್ತ, ಅವನೇ ಆಳು. ಫುಟ್‌ಪಾತಿನ ಬಿರುಕಿನಲ್ಲೋ ಚರಂಡಿಯ ಅಂಚಿನಲ್ಲೋ ಯಾರೂ ನೆಡದೆ ತಾನಾಗಿ ಹುಟ್ಟಿದ ಗಿಡವನ್ನು ಬೇರುಸಮೇತ ಕೀಳುವುದು, ಸಂಜೆ ವರದಿ ಬರೆಯುವುದು, ಇಷ್ಟು ಕೆಲಸ. ವರದಿಯಲ್ಲಿ ಅವನು ಒಂದಕ್ಷರ ಸುಳ್ಳು ಬರೆದವನಲ್ಲ. ಹನ್ನೆರಡು ಗಿಡ ಕಿತ್ತು ಹದಿಮೂರನೆಯದು ಅರ್ಧಕ್ಕೆ ತುಂಡಾಗಿ ಬೇರು ಒಳಗೇ ಉಳಿದರೆ ‘ಹನ್ನೆರಡೂವರೆ’ ಎಂದು ಬರೆಯುವ ಆಸಾಮಿ.

ಅವನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಂದಿನ ಸಾಹೇಬರು, “ಊರಲ್ಲಿರೋ ಕಳೆಗಳದ್ದೊಂದು ಪಟ್ಟಿ ಮಾಡ್ಕೊಂಡು ಬಾರಯ್ಯ, ಒಂದು ಹತ್ತು ಸಾಕು,” ಅಂದಿದ್ದರು. ಬಿಸಿರಕ್ತ, ಕೇಳಬೇಕೆ? ನಾಲ್ಕು ತಿಂಗಳು ಊರೆಲ್ಲ ಸುತ್ತಿ ನೂರ ನಲವತ್ತಮೂರು ಗಿಡಗಳನ್ನು ಬರೆದು ತಂದ. ಪ್ರತಿಯೊಂದಕ್ಕೂ ಪೆನ್ಸಿಲ್ಲಿನ ಚಿತ್ರ, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಷರಾ. ಸಾಹೇಬರು ಅದನ್ನು ಓದುವ ಗೋಜಿಗೆ ಹೋಗದೆ ಸಹಿ ಜಡಿದರು. ಅಂದಿನಿಂದ ಆ ಪಟ್ಟಿಯೇ ಊರಿನ ಕಾನೂನು. ಊರಿನ ಮಣ್ಣಲ್ಲಿ ತಲೆತಲಾಂತರದಿಂದ ಹುಟ್ಟಿ ಬೆಳೆದ ಗಿಡಗಳೆಲ್ಲ ಒಂದೇ ಮಧ್ಯಾಹ್ನ ಅಪರಾಧಿಗಳಾದವು. ಹೊರದೇಶಗಳಿಂದ ಕುಂಡದಲ್ಲಿ ಬಂದವು ಮಾತ್ರ ಮರ್ಯಾದಸ್ಥರಾಗಿ ಉಳಿದವು.

ಇಂಥ ಮನುಷ್ಯನ ಮನೆಯ ಹಿತ್ತಲಲ್ಲಿ ಇಪ್ಪತ್ತಮೂರು ಜಾತಿಯ ಕಳೆ ಬೆಳೆದಿತ್ತು ಎಂದರೆ ನೀವು ನಗುತ್ತೀರಿ. ನಗಿ. ಅವನ ಹೆಂಡತಿಯೂ ಮೊದಲು ನಕ್ಕಿದ್ದಳು.

ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಎಲ್ಲರಿಗೂ ಅವಳು ಟೈಲರಕ್ಕ. ಹತ್ತು ವರ್ಷದ ಹಿಂದೆ ಒಂದು ಸಂಜೆ ಗಂಡನ ಊಟದ ಡಬ್ಬಿ ತೊಳೆಯಲು ತೆಗೆದರೆ ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಸಸಿ.

“ಇದೇನ್ರೀ ಇದು, ಡಬ್ಬಿ ತುಂಬ ಮಣ್ಣು?”

“ಎಲ್ಲಾ ಕಿತ್ತುಬಿಟ್ರೆ ನಾಳೆ ಏನು ಕೀಳೋದು? ಒಂದೆರಡು ಇರ್ಲಿ ಅಂತ ತಂದೆ ಕಣೇ,” ಅಂದ ಕಳೆಯಣ್ಣ.

ಒಂದೆರಡು ಹೋಗಿ ಐದಾಯಿತು, ಹತ್ತಾಯಿತು. ಆ ಗಿಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಇಟ್ಟಿದ್ದರೂ ಊರಿನವರು ಮರೆತುಬಿಟ್ಟಿದ್ದರು. ಹಾಗಾಗಿ ಗಂಡಹೆಂಡಿರು ಅವನ್ನು ಸಿಕ್ಕಿದ ಜಾಗದಿಂದಲೇ ಕರೆಯುತ್ತಿದ್ದರು. ಅಂಚೆ ಕಚೇರಿ ಮೆಟ್ಟಿಲಿನವಳು, ಸೇತುವೆ ಕೆಳಗಿನವನು, ಆಸ್ಪತ್ರೆ ಗೋಡೆಯ ಅವಳಿ ಜವಳಿ. “ರೀ, ಸೇತುವೆ ಕೆಳಗಿನವನು ಯಾಕೋ ಮುಖ ಬಾಡಿಸ್ಕೊಂಡಿದಾನೆ, ನೋಡಿ,” ಎಂದು ಟೈಲರಕ್ಕ ಕೂಗುವುದನ್ನು ಕೇಳಿ ಬಟ್ಟೆ ಕೊಡಲು ಬಂದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಎಲ್ಲಕ್ಕಿಂತ ಕೊನೆಗೆ ಬಂದವಳು ಸ್ಟೇಷನ್ನಿನವಳು. ನಾಲ್ಕು ವರ್ಷದ ಹಿಂದೆ ರೈಲು ನಿಲ್ದಾಣದ ಕಟ್ಟೆಯ ಅಂಚಿನಲ್ಲಿ ಒಂದು ಗಿಡ ಕಿತ್ತ ಕಳೆಯಣ್ಣ, ಅದನ್ನು ಚೀಲಕ್ಕೆ ಹಾಕುವ ಮೊದಲು ಯಾಕೋ ನಿಂತ. ಗೇಣುದ್ದದ ಗಿಡ, ಬೂದಿ ಬಣ್ಣದ ಎಲೆ. ಇಂಥದ್ದನ್ನು ಕಿತ್ತು ಎಷ್ಟು ಕಾಲವಾಯಿತು? ನೆನಪು ಮಾಡಿಕೊಂಡ. ಆರು ವರ್ಷ. ಮೊದಲೆಲ್ಲ ದಿನಕ್ಕೆ ನಲವತ್ತು ಕೀಳುತ್ತಿದ್ದ. ಜನ ಸಾಮಾನು ಹೊತ್ತು ಅತ್ತಿತ್ತ ಓಡುತ್ತಿದ್ದ ಆ ಕಟ್ಟೆಯ ಮೇಲೆ ಬೇರು ಹಿಡಿದು ಕೂತ. ಉಳಿದವುಗಳನ್ನೆಲ್ಲ ನಾನೇ ಕಿತ್ತಿದ್ದೇನೆ, ಇದು ಕೊನೆಯದು. ಆ ದಿನ ಅವನಿಗೆ ಆದದ್ದು ಪಶ್ಚಾತ್ತಾಪ ಅಲ್ಲ, ಹೆದರಿಕೆ. ಮನೆಗೆ ಬಂದು ಅದನ್ನು ಒಂದು ಮಣ್ಣಿನ ಕುಂಡದಲ್ಲಿ ನೆಟ್ಟು, ಊಟ ಬಿಟ್ಟು ಮಲಗಿದ.

ಗಿಡವೇನೋ ಬದುಕಿತು. ಆದರೆ ಹಠಮಾರಿ. ಪ್ರತಿ ವರ್ಷ ಸಾಸಿವೆಗಿಂತ ಚಿಕ್ಕ ಹೂ ಬಿಡುತ್ತಿತ್ತು, ಒಂದೂ ಬೀಜ ಕಟ್ಟುತ್ತಿರಲಿಲ್ಲ. ಕಡ್ಡಿ ಮುರಿದು ನೆಟ್ಟರೆ ಕೊಳೆಯುತ್ತಿತ್ತು. ಊರಿನಲ್ಲಿ ಒಬ್ಬಳೇ, ಅವಳು ಸತ್ತರೆ ಮುಗಿಯಿತು. ಇದು ಆ ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು, ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಪಕ್ಕದ ಮನೆಯಲ್ಲಿದ್ದವರು ಹಲ್ಲಿನ ಡಾಕ್ಟರು. ಸಾಲು ತಪ್ಪಿದ್ದು ಏನೇ ಇರಲಿ, ಅವರ ಕಣ್ಣಿಗೆ ಬಿದ್ದರೆ ಕೈ ತುರಿಸುತ್ತಿತ್ತು. ಅವರ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿತ್ತು, ಅಂಚಿಗೆ ಪ್ಲಾಸ್ಟಿಕ್ ಗುಲಾಬಿ. ವಾರಕ್ಕೊಮ್ಮೆ ಎಲ್ಲವನ್ನೂ ಸೋಪಿನ ನೀರಲ್ಲಿ ಬ್ರಷ್ ಹಾಕಿ ಉಜ್ಜುತ್ತಿದ್ದರು. ಒಂದು ಬೆಳಿಗ್ಗೆ ಆ ಹುಲ್ಲಿನ ನಡುವೆ ಅವರಿಗೊಂದು ನಿಜವಾದ ಎಲೆ ಕಾಣಿಸಿತು. ಅಂಚೆ ಕಚೇರಿ ಮೆಟ್ಟಿಲಿನವಳ ಮಗಳು. ಗಾಳಿಗೆ ಹಾರಿ, ಪ್ಲಾಸ್ಟಿಕ್ಕಿನ ತೂತಿನಲ್ಲಿ ತೂರಿ, ಕೆಳಗಿನ ಮಣ್ಣು ಹುಡುಕಿಕೊಂಡಿದ್ದಳು. ಡಾಕ್ಟರು ಅವಳನ್ನು ಇಕ್ಕಳದಲ್ಲಿ ಕಿತ್ತು, ಗಾಜಿನ ಸೀಸೆಗೆ ಹಾಕಿ, ಸೀಸೆಯ ಸಮೇತ ನಗರಸಭೆಗೆ ದೂರು ಕೊಟ್ಟರು. ‘ಪಕ್ಕದ ಮನೆಯ ಶಿಸ್ತಿಲ್ಲದ ಸಸ್ಯಗಳು ನನ್ನ ಹುಲ್ಲುಹಾಸಿನ ಮೇಲೆ ದಾಳಿ ಮಾಡುತ್ತಿವೆ.’

ದೂರು ಬಂದದ್ದು ಹೊಸ ಮೇಡಂ ಕೈಗೆ. ಅವರು ಬೇರೆ ಊರಿನಿಂದ ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ನಿಯಮದ ಪುಸ್ತಕವನ್ನು ಸಾಲಿನ ಕೆಳಗೆ ಸ್ಕೇಲು ಇಟ್ಟು ಓದುವವರು. ಕಳೆಯಣ್ಣನನ್ನು ಕರೆಸಿದರು.

“ಸ್ಥಳ ಪರಿಶೀಲನೆ ಮಾಡಿ, ಪಟ್ಟೀಲಿರೋ ಕಳೆ ಇದ್ರೆ ಕಿತ್ತು ಬನ್ನಿ.”

ಕಳೆಯಣ್ಣ ವಿಳಾಸ ಓದಿದ. ಇನ್ನೊಮ್ಮೆ ಓದಿದ. “ಮೇಡಂ, ಇದು ನಮ್ಮನೆ.”

“ಹಾಗಾದ್ರೆ ಒಳ್ಳೇದಾಯ್ತು. ಹುಡುಕೋ ತೊಂದ್ರೆ ಇಲ್ಲ.”

“ಬೇರೆ ಯಾರನ್ನಾದ್ರೂ ಕಳಿಸಿದ್ರೆ…”

“ಕಳೆ ಯಾವುದು ಗಿಡ ಯಾವುದು ಅಂತ ಗೊತ್ತಿರೋದು ಈ ಕಚೇರೀಲಿ ನಿಮ್ಮೊಬ್ರಿಗೇ. ಹೊರಡಿ.”

ಹೀಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟ ಕಳೆಯಣ್ಣ ಹನ್ನೊಂದಕ್ಕೆ ಖಾಕಿ ಟೋಪಿ ಸರಿಮಾಡಿಕೊಂಡು ತನ್ನದೇ ಮನೆಯ ಬಾಗಿಲು ಬಡಿದ. ಹೊಲಿಗೆ ಯಂತ್ರದ ಸದ್ದು ನಿಂತಿತು. ಟೈಲರಕ್ಕ ಬಾಗಿಲು ತೆಗೆದಳು, ಕೊರಳಲ್ಲಿ ಅಳತೆ ಟೇಪು.

“ನಗರಸಭೆಯಿಂದ ಬಂದಿದೀನಮ್ಮ,” ಅಂದ ಅವನು, ನೆಲ ನೋಡುತ್ತ. ಪಕ್ಕದ ಕಾಂಪೌಂಡಿನ ಮೇಲೆ ಡಾಕ್ಟರ ತಲೆ ಕಾಣುತ್ತಿತ್ತು. “ನಿಮ್ಮ ಹಿತ್ತಲ ಮೇಲೆ ದೂರಿದೆ. ಒಳಗೆ ಬಂದು ನೋಡಬೇಕು.”

ಟೈಲರಕ್ಕ ಅವನ ಮುಖ ನೋಡಿದಳು, ಕಾಂಪೌಂಡಿನ ಮೇಲಿನ ತಲೆ ನೋಡಿದಳು, ಅವನ ಕೈಯಲ್ಲಿದ್ದ ಕುರ್ಪಿ ನೋಡಿದಳು. ಅವಳಿಗೆ ಅರ್ಥವಾಗಲು ಒಂದು ಹೊಲಿಗೆ ಹಾಕುವಷ್ಟು ಹೊತ್ತೂ ಬೇಕಾಗಲಿಲ್ಲ.

“ಯಜಮಾನ್ರು ಮನೇಲಿಲ್ಲ. ಅವರಿಲ್ಲದೆ ಯಾರ್ಯಾರನ್ನೋ ಒಳಗೆ ಬಿಡಕ್ಕಾಗಲ್ಲ.”

ಕಳೆಯಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಯಜಮಾನರಿಲ್ಲದ ಮನೆಗೆ ಕಾಲಿಡಬಾರದೆಂದು ನಿಯಮವೇ ಇತ್ತು. “ಯಾವಾಗ ಸಿಗ್ತಾರೆ?”

“ಐದೂವರೆಗೆ ಬರ್ತಾರೆ.”

“ಐದಕ್ಕೆ ನಮ್ಮ ಕಚೇರಿ ಮುಚ್ಚುತ್ತೆ.”

“ಹಾಗಾದ್ರೆ ಭಾನುವಾರ ಬನ್ನಿ, ಇಡೀ ದಿನ ಮನೇಲೇ ಬಿದ್ದಿರ್ತಾರೆ.”

“ಭಾನುವಾರ ನಮಗೆ ರಜೆಯಮ್ಮ.”

“ಅಯ್ಯೋ ಪಾಪ. ನಿಮ್ಮಿಬ್ರಿಗೂ ಭೇಟಿಯಾಗೋ ಯೋಗಾನೇ ಇಲ್ಲ ಅನ್ಸುತ್ತೆ,” ಎಂದು ಟೈಲರಕ್ಕ ಬಾಗಿಲು ಹಾಕಿಕೊಂಡಳು.

ಅವನು ಮೆಟ್ಟಿಲ ಮೇಲೆ ನಿಂತೇ ವರದಿ ಬರೆದ: ‘ಪರಿಶೀಲನೆಗೆ ಹೋದ ವೇಳೆಯಲ್ಲಿ ಮನೆಯ ಯಜಮಾನರು ಮನೆಯೊಳಗೆ ಇರಲಿಲ್ಲ.’ ಒಂದೊಂದಕ್ಷರವೂ ನಿಜ. ಮೂರು ಸಲ ಓದಿ ನೋಡಿದ, ಎಲ್ಲೂ ಸುಳ್ಳು ಸಿಗಲಿಲ್ಲ.

ಸಂಜೆ ಐದೂವರೆಗೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಟೈಲರಕ್ಕ ಅಂದಳು, “ರೀ, ನಗರಸಭೆಯಿಂದ ಯಾರೋ ಬಂದಿದ್ರು.”

“ಹೇಗಿದ್ದ?”

“ಪರವಾಗಿಲ್ಲ, ಮಾತು ಮರ್ಯಾದೆಯಾಗಿತ್ತು. ಆದ್ರೆ ಅಂಗಿಯ ಎರಡನೇ ಗುಂಡಿ ಜೋತಾಡ್ತಿತ್ತು. ಮನೇಲಿ ಹೆಂಡ್ತಿ ನೋಡ್ಕೊಳ್ಳಲ್ವೇನೋ ಪಾಪ. ಬಿಚ್ಚಿಕೊಡಿ, ಹೊಲಿದುಕೊಡ್ತೀನಿ.”

ಮೂರು ದಿನ ಬಿಟ್ಟು ಅವನು ಮತ್ತೆ ಹೋದ. ಯಜಮಾನರು ಮತ್ತೆ ಮನೆಯಲ್ಲಿರಲಿಲ್ಲ. ಇನ್ನು ಮೂರು ದಿನ ಬಿಟ್ಟು ಹೋದಾಗಲೂ ಇಲ್ಲ. ಇದನ್ನೆಲ್ಲ ಕಾಂಪೌಂಡಿನಾಚೆಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ ಹಲ್ಲಿನ ಡಾಕ್ಟರು ಎರಡನೇ ದೂರು ಬರೆದರು: ‘ಸದರಿ ಇನ್ಸ್‌ಪೆಕ್ಟರರಿಗೂ ಸದರಿ ಮನೆಯ ಯಜಮಾನರಿಗೂ ಒಳಗೊಳಗೇ ಪರಿಚಯ ಇರಬಹುದೆಂಬ ಬಲವಾದ ಅನುಮಾನವಿದೆ.’

ಮೇಡಂ ಸ್ಕೇಲು ಕೆಳಗಿಟ್ಟರು. ಮರುದಿನ ತಾವೇ ಜೀಪಿನಲ್ಲಿ ಹೊರಟರು, ಕಂಕುಳಲ್ಲಿ ನಿಯಮದ ಪುಸ್ತಕ, ಕಾಲ ಬಳಿ ಮೂವತ್ತೊಂದು ವರ್ಷ ಹಳೆಯ ಕಳೆಪಟ್ಟಿ. ಹಿಂದಿನ ಸೀಟಿನಲ್ಲಿ ಕಳೆಯಣ್ಣ. ಮನೆಯ ಮುಂದೆ ಇಳಿದು ಅವರು ಒಂದು ಚೀಟಿಗೆ ಸಹಿ ಮಾಡಿ ಅವನ ಕೈಗಿತ್ತರು.

“ಇದು ನಿಮಗೆ ಅರ್ಧ ದಿನ ರಜೆ. ಟೋಪಿ ತೆಗೀರಿ. ಈಗ ಯಜಮಾನ್ರಾಗಿ ಒಳಗೆ ಹೋಗಿ ಬಾಗಿಲು ತೆಗೀರಿ. ಪರಿಶೀಲನೆ ನಾನು ಮಾಡ್ತೀನಿ.”

ಇಷ್ಟು ದಿನ ಸಿಗದಿದ್ದ ಯಜಮಾನರು ಕೊನೆಗೂ ಸಿಕ್ಕಿಬಿದ್ದರು.

ಮೇಡಂ ಹಿತ್ತಲಲ್ಲಿ ಕುಂಡದಿಂದ ಕುಂಡಕ್ಕೆ ಹೋಗಿ ಪಟ್ಟಿಯ ಚಿತ್ರಗಳಿಗೆ ಎಲೆ ಹೋಲಿಸಿದರು. ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ ಕಳೆ. ಆದರೆ ಪುಸ್ತಕದಲ್ಲಿ ಒಂದು ವಿನಾಯಿತಿಯಿತ್ತು: ಮನೆಬಳಕೆಗೆ ಉಪಯೋಗವಾಗುವ ಗಿಡ ಪಟ್ಟಿಯಲ್ಲಿದ್ದರೂ ಕೀಳುವಂತಿಲ್ಲ. ಅದನ್ನು ಅವರು ಜೋರಾಗಿ ಓದಿದ್ದೇ ತಡ, ಟೈಲರಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಇದು ಕೆಮ್ಮಿಗೆ ಮೇಡಂ. ಇದು ಬಟ್ಟೆಗೆ ಬಣ್ಣ ಹಾಕೋಕೆ. ಇದರ ಹತ್ತಿ ತುಂಬಿ ಸೂಜಿ ಚುಚ್ಚೋ ದಿಂಬು ಮಾಡ್ತೀನಿ, ಒಳಗಿದೆ, ತೋರಿಸ್ಲಾ? ಇದರ ಸೊಪ್ಪು ತಿಂದ್ರೆ ಕಣ್ಣಿಗೆ ಒಳ್ಳೇದು. ಇದು ಸೊಳ್ಳೆ ಓಡಿಸುತ್ತೆ. ಇದು ನಮ್ಮತ್ತೆಗೆ ಬಹಳ ಇಷ್ಟ ಇತ್ತು.”

“ಅತ್ತೆಗೆ ಇಷ್ಟ ಅನ್ನೋದು ಉಪಯೋಗ ಆಗಲ್ಲ.”

“ನಮ್ಮತ್ತೇನ ನೀವು ನೋಡಿಲ್ಲ ಮೇಡಂ. ಅವರನ್ನ ಸುಮ್ಮನಿರಿಸಿದ್ದಕ್ಕಿಂತ ದೊಡ್ಡ ಉಪಯೋಗ ಇಲ್ಲ.”

ಮೇಡಂ ಒಂದು ಕ್ಷಣ ಯೋಚಿಸಿ ಬರೆದುಕೊಂಡರು. ಹಾಗೇ ಇಪ್ಪತ್ತೆರಡು ಗಿಡ ಪಾರಾದವು. ಕೊನೆಗೆ ಗೋಡೆಯ ಪಕ್ಕದ ಸ್ಟೇಷನ್ನಿನವಳ ಮುಂದೆ ನಿಂತು, “ಇದು?” ಅಂದರು. ಅವಳು ಅದೇ ವಾರ ಹೂ ಬಿಟ್ಟಿದ್ದಳು.

“ಇದು ಹೊಟ್ಟೆನೋವಿಗೆ,” ಅಂದಳು ಟೈಲರಕ್ಕ, ಕಣ್ಣು ಮಿಟುಕಿಸದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಡಂ, “ಹೌದೇನ್ರೀ?” ಎಂದು ಕಳೆಯಣ್ಣನ ಕಡೆ ತಿರುಗಿದರು. ಟೋಪಿ ಇಲ್ಲದ ತಲೆ ಕೆರೆದುಕೊಂಡ ಆ ಪುಣ್ಯಾತ್ಮ ಬಾಯಿಬಿಟ್ಟ.

“ಇಲ್ಲ ಮೇಡಂ. ಇದು ಯಾವುದಕ್ಕೂ ಬರಲ್ಲ.”

ಟೈಲರಕ್ಕ ಹಣೆ ಚಚ್ಚಿಕೊಂಡಳು. “ಬಾಯಿ ಮುಚ್ಕೊಂಡಿರೋಕೆ ಏನಾಗಿತ್ರೀ ನಿಮಗೆ!”

ಮೇಡಂ ಪಟ್ಟಿ ತಿರುವಿದರು. ಅರವತ್ತೇಳನೆಯ ಪುಟ. ಪೆನ್ಸಿಲ್ಲಿನಲ್ಲಿ ಬಿಡಿಸಿದ ಅದೇ ಎಲೆ, ಅದೇ ಹೂ. ಚಿತ್ರ ಬಹಳ ಚೆನ್ನಾಗಿತ್ತು. ಪಕ್ಕದಲ್ಲಿ ದುಂಡಗಿನ ಅಕ್ಷರ: ‘ನಿರುಪಯೋಗಿ. ಊರಿನಲ್ಲಿ ಎಲ್ಲೆಡೆ ಕಾಣುತ್ತದೆ.’ ಅವರು ಅದನ್ನು ಓದಿ, “ಇದು ನಿಮ್ಮ ಅಕ್ಷರ ತಾನೆ? ಸರಿಯಾಗಿದೆಯಾ?” ಎಂದು ಕೇಳಿದರು.

ಕಳೆಯಣ್ಣ ತನ್ನ ಅಕ್ಷರದ ಮೇಲೆ ಬೆರಳಾಡಿಸಿದ. ಎಷ್ಟು ಖುಷಿಯಿಂದ ಬರೆದಿದ್ದ ಅದನ್ನು!

“ಆಗ ಸರಿಯಾಗಿತ್ತು ಮೇಡಂ. ಈಗ ತಪ್ಪು. ಈಗಿರೋದು ಇದೊಂದೇ. ಉಳಿದಿದ್ದೆಲ್ಲ ನಾನೇ ಕಿತ್ತೆ. ಇದನ್ನೂ ಕೀಳಬೇಕು ಅಂದ್ರೆ ನಾನೇ ಕೀಳಬೇಕು. ಕೀಳು ಅಂದ್ರೆ ಕೀಳ್ತೀನಿ. ಆದ್ರೆ ಆಮೇಲೆ ಆ ಪುಟದ ಚಿತ್ರ ಒಂದೇ ಉಳಿಯೋದು.”

ಮೇಡಂ ನಿಂತಲ್ಲೇ ಪುಸ್ತಕ ಬಿಡಿಸಿ, ಸ್ಕೇಲಿಲ್ಲದೆ, ಬೆರಳಿಟ್ಟು ಓದಿದರು. ಬಹಳ ಹೊತ್ತಿನ ಮೇಲೆ ಒಂದು ನಿಯಮ ಸಿಕ್ಕಿತು. ಷರಾ ತಪ್ಪಾಗಿದ್ದರೆ ಪಟ್ಟಿಯಿಂದ ತೆಗೆಯಬಹುದು. ಆದರೆ ಷರಾ ಬರೆದವನೇ ಹದಿನಾಲ್ಕೂ ವಾರ್ಡು ನಡೆದು, ದೂರಿಗೆ ಒಳಗಾದ ಜಾಗ ಬಿಟ್ಟು ಬೇರೆಲ್ಲೂ ಆ ಗಿಡ ಇಲ್ಲವೆಂದು ಬರೆದುಕೊಡಬೇಕು. ಒಂದೇ ಒಂದು ಕಂಡರೂ ಹಳೆಯ ಷರಾ ಊರ್ಜಿತ. ಕಂಡದ್ದನ್ನೂ ಕೀಳಬೇಕು, ಮನೆಯದನ್ನೂ ಕೀಳಬೇಕು. ನಿಯಮ ಬರೆದವರಿಗೆ ತಲೆ ನೆಟ್ಟಗಿತ್ತೋ ಇಲ್ಲವೋ, ಕೇಳಲು ಅವರು ಬದುಕಿರಲಿಲ್ಲ.

ದಿನಕ್ಕೊಂದು ವಾರ್ಡಿನಂತೆ ಕಳೆಯಣ್ಣ ನಡೆದ. ಇಂಥ ವಿಚಿತ್ರ ಹುಡುಕಾಟವನ್ನು ಯಾವ ಶತ್ರುವಿಗೂ ಕೊಡಬಾರದು. ಪ್ರತಿ ಬಿರುಕಿಗೂ ಬಗ್ಗುವಾಗ ಸಿಗಲಿ ಅನ್ನಿಸುತ್ತಿತ್ತು. ಊರಲ್ಲಿ ಇನ್ನೊಂದಾದರೂ ಉಳಿದಿದ್ದರೆ ತಾನು ಅಷ್ಟೇನೂ ಪಾಪಿಯಲ್ಲ. ಮರುಕ್ಷಣವೇ ಸಿಗದಿರಲಿ ಅನ್ನಿಸುತ್ತಿತ್ತು; ಸಿಕ್ಕರೆ ಎರಡೂ ಸಾಯುತ್ತವೆ, ತನ್ನ ಕೈಯಿಂದಲೇ. ನಿಲ್ದಾಣದ ಕಟ್ಟೆ, ಗಿರಣಿಯ ಹಿಂಭಾಗ, ಶಾಲೆಯ ಮೈದಾನ, ಬಸ್ಸು ತೊಳೆಯುವ ಜಾಗ. ಮೊಣಕಾಲೂರಿ ಬಗ್ಗಿ ಬಗ್ಗಿ ಪ್ಯಾಂಟಿನ ಮಂಡಿ ಸವೆದು ಟೈಲರಕ್ಕ ಎರಡು ಸಲ ತೇಪೆ ಹಾಕಿದಳು.

“ಸಿಕ್ತಾ?” ಎಂದು ಅವಳು ಸಂಜೆ ಕೇಳುವಳು.

“ಇಲ್ಲ.”

“ಒಳ್ಳೇದಾಯ್ತು,” ಅನ್ನುವಳು. ಆಮೇಲೆ ಇಬ್ಬರೂ ತಲೆ ತಗ್ಗಿಸಿ ಉಣ್ಣುವರು. ಒಳ್ಳೆಯದಾದ ಮನೆಯ ಹಾಗೆ ಆ ಮನೆ ಇರಲಿಲ್ಲ.

ಹದಿನಾಲ್ಕನೆಯ ದಿನ ಹದಿನಾಲ್ಕನೆಯ ವಾರ್ಡು. ಅದರ ಕೊನೆಯ ಜಾಗ ನಗರಸಭೆಯ ಸ್ವಂತ ಕಟ್ಟಡ. ಮುಂಭಾಗ ಮುಗಿಸಿ, ಯಾರೂ ಹೋಗದ ಹಿಂಭಾಗಕ್ಕೆ ತಿರುಗಿದ. ಮುರಿದ ಕುರ್ಚಿ, ತುಕ್ಕು ಹಿಡಿದ ಬೀರುಗಳನ್ನು ಎಸೆಯುವ ಜಾಗ. ಮೂವತ್ತೊಂದು ವರ್ಷದಲ್ಲಿ ಅವನು ಅಲ್ಲಿ ಕಳೆ ಕಿತ್ತಿರಲಿಲ್ಲ, ಯಾಕೆಂದರೆ ತನ್ನ ಕಚೇರಿಯ ಹಿಂದೆ ಕಳೆ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಒಂದು ಬೀರುವಿನ ಪಕ್ಕದಲ್ಲಿ, ಗೋಡೆಯ ಬುಡದಲ್ಲಿ, ಗೇಣುದ್ದ, ಬೂದಿ ಬಣ್ಣ.

ಕಳೆಯಣ್ಣ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಹೂ ಬಿಟ್ಟಿತ್ತು. ಆ ಸಾಸಿವೆಯಂಥ ಹೂವುಗಳ ಮೇಲೆ ಒಂದು ಪುಟ್ಟ ನೊಣ ಒಂದರಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಬೀಜ ಮಾತ್ರ ಒಂದೂ ಇಲ್ಲ. ಮನೆಯವಳು ನಾಲ್ಕು ವರ್ಷದಿಂದ ಯಾಕೆ ಬೀಜ ಕಟ್ಟಲಿಲ್ಲವೆಂದು ಆಗ ಹೊಳೆಯಿತು. ಇವು ಒಂಟಿಯಾಗಿ ಕಾಯಿ ಕಟ್ಟುವ ಗಿಡಗಳಲ್ಲ. ಹತ್ತಿರದಲ್ಲಿ ಇನ್ನೊಂದು ಬೇಕು. ಊರಿನ ಈ ತುದಿಯಲ್ಲಿ ಒಂದು, ಆ ತುದಿಯಲ್ಲಿ ಒಂದು, ಎರಡೂ ಸುಮ್ಮಸುಮ್ಮನೆ ಹೂ ಬಿಟ್ಟು ಉದುರಿಸುತ್ತಿದ್ದವು. ಬುಡದ ಮಣ್ಣು ಒದ್ದೆಯಾಗಿತ್ತು, ಅದನ್ನು ಅವನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ತನ್ನ ಮೇಜಿಗೆ ಬಂದು ಕೂತ. ಹದಿಮೂರು ವಾರ್ಡಿನ ಮುಂದೆ ‘ಕಾಣಲಿಲ್ಲ’ ಎಂದಿತ್ತು, ಹದಿಮೂರೂ ನಿಜ. ಹದಿನಾಲ್ಕನೆಯ ಸಾಲು ಖಾಲಿ. ಯಾವ ಮಾತನ್ನು ಹೇಗೆ ಬರೆದರೆ ಸುಳ್ಳಾಗುವುದಿಲ್ಲ ಎಂದು ಒಂದು ಗಂಟೆ ತಲೆ ಕೆಡಿಸಿಕೊಂಡ. ಯಾವ ದಾರಿಯೂ ಇರಲಿಲ್ಲ. ಪೆನ್ನು ಎತ್ತಿದ, ಇಟ್ಟ, ಮತ್ತೆ ಎತ್ತಿದ. ಮೂವತ್ತೊಂದು ವರ್ಷದಿಂದ ದುಂಡಗಿದ್ದ ಅಕ್ಷರ ಆ ಒಂದು ಸಾಲಿನಲ್ಲಿ ಸೊಟ್ಟಗಾಯಿತು. ‘ಕಾಣಲಿಲ್ಲ.’

ಮೇಡಂ ಒಂದೊಂದೇ ಸಾಲು ಓದುತ್ತ ಬಂದರು. ಕೊನೆಯ ಸಾಲಿಗೆ ಬಂದಾಗ ಸ್ಕೇಲು ನಿಂತಿತು.

“ಕಚೇರಿ ಹಿಂದೆ ನೋಡಿದ್ರಾ?”

“ನೋಡಿದೆ ಮೇಡಂ.”

“ಬೀರು ಪಕ್ಕದಲ್ಲಿ?”

ಕಳೆಯಣ್ಣನಿಗೆ ಕೆಲಸ ಹೋದರೆ ಹೋಗಲಿ ಅನ್ನಿಸಿತು. “ನೋಡಿದೆ. ಕಾಣಲಿಲ್ಲ ಮೇಡಂ.”

ಮೇಡಂ ಅವನನ್ನು ದಿಟ್ಟಿಸಿದರು. ಆಮೇಲೆ ಮುದ್ರೆ ತೆಗೆದು ಕಾಗದದ ಮೇಲೆ ಒತ್ತಿ, ಕೆಳಗೆ ಸಹಿ ಮಾಡಿದರು.

“ನನಗೂ ಕಂಡಿಲ್ಲ,” ಅಂದರು, ತಲೆ ಎತ್ತದೆ. “ನಿಮ್ಮನೆಗೆ ಬಂದು ಹೋದ ಮಾರನೇ ದಿನದಿಂದ ದಿನಾ ಬೆಳಿಗ್ಗೆ ಹೋಗಿ ನೀರು ಹಾಕ್ತಾ ಇದೀನಿ. ಒಂದು ದಿನಾನೂ ಕಂಡಿಲ್ಲ.”

ಕಳೆಯಣ್ಣ ಎದುರಿನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

“ಮೇಡಂ, ಅದು ಒಂದೇ ಇದ್ರೆ ಬೀಜ ಕಟ್ಟಲ್ಲ. ನಮ್ಮನೇದನ್ನ ತಂದು ಪಕ್ಕದಲ್ಲಿ ಒಂದು ವಾರ ಇಟ್ರೆ…”

“ಯಾವುದರ ಪಕ್ಕದಲ್ಲಿ?”

“ಯಾವುದರ ಪಕ್ಕದಲ್ಲೂ ಇಲ್ಲ ಮೇಡಂ.”

“ಹಾಗಾದ್ರೆ ತನ್ನಿ,” ಅಂದರು ಮೇಡಂ.

ಮರುದಿನ ಕಳೆಯಣ್ಣ ಕಚೇರಿಗೆ ಮುಕ್ಕಾಲು ಗಂಟೆ ತಡವಾಗಿ ಬಂದ. ಕ್ಯಾರಿಯರಿನ ಮೇಲಿದ್ದ ಸ್ಟೇಷನ್ನಿನವಳ ಕುಂಡ ಅಲುಗಿ ಹೂ ಉದುರಬಾರದೆಂದು ಸೈಕಲ್ ಹತ್ತದೆ, ಊರ ಆ ತುದಿಯಿಂದ ಈ ತುದಿಯವರೆಗೆ ತಳ್ಳಿಕೊಂಡೇ ಬಂದಿದ್ದ. ಪಕ್ಕದಲ್ಲಿ ಟೈಲರಕ್ಕ ಎರಡೂ ಕೈಯಿಂದ ಕುಂಡ ಹಿಡಿದು ನಡೆಯುತ್ತಿದ್ದಳು, ಎದುರು ಬಂದ ಬಸ್ಸುಗಳಿಗೆಲ್ಲ ನಿಧಾನವಾಗಿ ಹೋಗಿ ಎಂದು ಬೈಯುತ್ತಿದ್ದಳು.